ವೀಣಾ ಕೇಳಿದ್ದಕ್ಕೆ: ವಿಡಿಯೋ, ಸಿನಿಮಾ ನೋಡಿ ದುಡ್ಡಿನ ವ್ಯವಹಾರ ಕಲಿಯೋದು

ವೀಣಾ, ನೀನು ರಾತ್ರಿ ಗ್ರೂಪಲ್ಲಿ ಹಾಕಿದ್ದು ಈಗ ನೋಡ್ದೆ ಕಣೇ. ಅನು ಹಗಲು ರಾತ್ರಿ ಫೈನಾನ್ಸ್ ವಿಡಿಯೋ ನೋಡ್ತಾಳೆ, ಬ್ಯಾಂಕು ಶೇರು ಅಂತ ಸಿನಿಮಾ ನೋಡ್ತಾಳೆ, ಮೊದಲ ಸಂಬಳ ಬಂದ ತಕ್ಷಣ ದುಡ್ಡು ಹಾಕ್ತೀನಿ ಅಂತಾಳೆ, ಇದರಿಂದ ನಿಜವಾಗ್ಲೂ ಕಲಿಯೋಕಾಗುತ್ತಾ ಅತ್ತೆ, ನನಗೆ ಭಯ ಆಗ್ತಿದೆ ಅಂದಿದ್ದೀಯ. ಟೈಪ್ ಮಾಡೋಕೆ ನನ್ನ ಕೈಲಾಗಲ್ಲ, ಮಾತಾಡ್ಬಿಡ್ತೀನಿ. ಉದ್ದ ಆಗುತ್ತೆ. ಕಿಟ್ಟಿ, ನೀನೂ ಕೇಳು, ಡಬಲ್ ಸ್ಪೀಡಲ್ಲಿ ಓಡಿಸ್ಬೇಡ.

ನೋಡ್ಲಿ ಬಿಡು, ನೋಡೋದರಲ್ಲಿ ತಪ್ಪೇನಿಲ್ಲ. ಆದ್ರೆ ವಿಡಿಯೋ ನೋಡಿದ ದಿನ ದುಡ್ಡು ಹಾಕ್ಬಾರ್ದು. ವಿಡಿಯೋ ನೋಡಿ ಶೇರಲ್ಲಿ ದುಡ್ಡು ಕಳ್ಕೊಂಡ ಶ್ರೀಪತಿ ವಿಷಯ ನಿಮಗೆಲ್ಲ ಗೊತ್ತೇ ಇದೆಯಲ್ಲ. ಅವನಿಗೆ ಯಾರೋ ಟೋಪಿ ಹಾಕಿದ್ರು ಅಂತ ಎಲ್ಲರೂ ಮಾತಾಡ್ಕೊಂಡ್ರಿ. ಯಾರೂ ಟೋಪಿ ಹಾಕ್ಲಿಲ್ಲ. ಅವನು ನೋಡಿದ ವಿಡಿಯೋನ ಆಮೇಲೆ ನಾನೂ ಕೂತು ಪೂರ್ತಿ ನೋಡಿದೀನಿ. ಒಂದೇ ಒಂದು ವಾಕ್ಯವೂ ಸುಳ್ಳಿರ್ಲಿಲ್ಲ ಅದರಲ್ಲಿ. ಅದಕ್ಕೇ ಹೇಳ್ತಿರೋದು.

ಸಾಲ ಮಾಡಿ ಶೇರು ಕೊಳ್ಳೋದು ಹೇಗೆ ಅನ್ನೋ ವಿಡಿಯೋ ಅದು, ಮಾರ್ಜಿನ್ ಅಂತಾರಲ್ಲ. ಲೆಕ್ಕಕ್ಕೆ ಸುಲಭ ಆಗ್ಲಿ ಅಂತ ನೂರು ಅಂತಿಟ್ಕೊಳ್ಳಿ. ಕೈಯಿಂದ 20, ಬ್ರೋಕರ್ ಕೊಟ್ಟ ಸಾಲ 80, ಸೇರಿ 100ರ ಶೇರು. ಬೆಲೆ ಹತ್ತು ಪರ್ಸೆಂಟ್ ಏರಿದ್ರೆ 110 ಆಗುತ್ತೆ, ಸಾಲದ 80 ತೀರಿಸಿದ್ರೆ 30 ಉಳಿಯುತ್ತೆ. ಹಾಕಿದ್ದು 20, ಬಂದದ್ದು 30, ಐವತ್ತು ಪರ್ಸೆಂಟ್ ಲಾಭ. ಸರಿಯಾದ ಲೆಕ್ಕಾನೇ. ಬೋರ್ಡ್ ಮೇಲೆ ಬಣ್ಣ ಬಣ್ಣದ ಪೆನ್ನಲ್ಲಿ ಚೆನ್ನಾಗಿ ಬರೆದು ತೋರಿಸ್ತಾನೆ. ಇಳಿದ್ರೂ ಹೀಗೇನೇ ಅಂತ ಕೊನೇಲಿ ಒಂದು ಮಾತೂ ಹೇಳ್ತಾನೆ ಪುಣ್ಯಾತ್ಮ. ಆದ್ರೆ ಆ ಕಡೆಯ ಲೆಕ್ಕ ಬೋರ್ಡ್ ಮೇಲೆ ಬರಲ್ಲ.

ಶ್ರೀಪತಿ ಏನಂದ್ಕೊಂಡ? ದೊಡ್ಡ ಕಂಪನಿ, ಇಪ್ಪತ್ತು ಪರ್ಸೆಂಟ್ ಇಳಿದ್ರೆ ತಾನೇ ನನ್ನ 20 ಹೋಗೋದು, ಅಷ್ಟೆಲ್ಲ ಎಲ್ಲಿ ಇಳಿಯುತ್ತೆ, ಇಳಿದ್ರೂ ಕಾದ್ರಾಯ್ತು ಅಂತ. ಬ್ರೋಕರ್ ಕಾಯಲ್ಲಪ್ಪ! ಶೇರಿನ ಇವತ್ತಿನ ಬೆಲೆಯಲ್ಲಿ ಇಷ್ಟು ಪಾಲು ಗಿರಾಕಿಯ ಸ್ವಂತದ್ದಾಗಿ ಇರ್ಲೇಬೇಕು ಅಂತ ಒಂದು ಗೆರೆ ಇರುತ್ತೆ. ಹತ್ತು ಪರ್ಸೆಂಟ್ ಅಂತಿಟ್ಕೊಳ್ಳಿ. 100 ಇದ್ದದ್ದು 88.9ಕ್ಕೆ ಬಂದ್ರೆ, ಸಾಲ 80 ಕಳೆದು ಅವನದ್ದು ಉಳಿಯೋದು 8.9. ಅಲ್ಲಿಗೆ ಗೆರೆ ಮುಟ್ತು. ಇನ್ನಷ್ಟು ದುಡ್ಡು ಕಟ್ಟಿ, ಇಲ್ಲಾಂದ್ರೆ ಮಾರ್ತೀವಿ ಅಂತ ಬರುತ್ತೆ, ಅದೇ ಮಾರ್ಜಿನ್ ಕಾಲ್. ಹೊತ್ತಿಗೆ ದುಡ್ಡು ಹೊಂದಿಸೋಕಾಗ್ಲಿಲ್ಲ, ಮಾರಿಬಿಟ್ರು. ಬೆಲೆ ಇಳಿದದ್ದು ಹನ್ನೊಂದು ಪರ್ಸೆಂಟ್, ಅವನ ಸ್ವಂತ ದುಡ್ಡು ಹೋದದ್ದು ಐವತ್ತೈದು ಪರ್ಸೆಂಟ್. ಇದರ ಮೇಲೆ ಆ 80ಕ್ಕೆ ದಿನದ ಲೆಕ್ಕದ ಬಡ್ಡಿ, ಕೊಳ್ಳುವಾಗ ಒಂದು ಬ್ರೋಕರೇಜು, ಮಾರುವಾಗ ಇನ್ನೊಂದು.

ಹೊಟ್ಟೆ ಉರಿಯೋದು ಇದಕ್ಕಲ್ಲ. ಆ ಶೇರು ಆಮೇಲೆ ಹಳೇ ಬೆಲೆಗೆ ವಾಪಸ್ ಬಂತು. ಬಂದ್ರೇನು, ಶೇರು ಇವನ ಹತ್ರ ಇರ್ಲಿಲ್ಲವಲ್ಲ. ತಾಳ್ಮೆ ಇದ್ರೆ ಸಾಕು, ಮಾರ್ಕೆಟ್ ಮೇಲೆ ಬಂದೇ ಬರುತ್ತೆ ಅಂತ ಎಲ್ಲಾ ವಿಡಿಯೋದಲ್ಲೂ ಹೇಳ್ತಾರೆ. ಅದು ಪೂರ್ತಿ ಸ್ವಂತ ದುಡ್ಡಲ್ಲಿ ಕೊಂಡವರಿಗೆ. ಸಾಲದಲ್ಲಿ ಕೊಂಡವನು ಎಷ್ಟು ದಿನ ಕಾಯ್ಬೇಕು ಅನ್ನೋದನ್ನ ಸಾಲ ಕೊಟ್ಟವನು ತೀರ್ಮಾನ ಮಾಡ್ತಾನೆ. ಇನ್ನೂ ಕೆಟ್ಟದ್ದೂ ಇದೆ. ರಾತ್ರೋರಾತ್ರಿ ಏನೋ ಸುದ್ದಿ ಬಂದು ಬೆಳಿಗ್ಗೆ ಬೆಲೆ ನೇರವಾಗಿ 75ಕ್ಕೆ ತೆರೆದ್ರೆ, ತನ್ನ 20 ಕಳ್ಕೊಂಡು ಮೇಲೆ 5 ಕೈಯಿಂದ ಕಟ್ಬೇಕು.

ಅದಕ್ಕೇ ಅನೂಗೆ ಹೇಳು, ನಾನು ಹೇಳಿದೆ ಅಂತಾನೇ ಹೇಳು, ವಿಡಿಯೋ ನೋಡಿದ ದಿನ ದುಡ್ಡು ಹಾಕ್ಬಾರ್ದು. ನೋಡಿದ ಬಿಸಿಯಲ್ಲಿ ಎಲ್ಲಾ ಅರ್ಥ ಆದ ಹಾಗೇ ಇರುತ್ತೆ. ಎರಡು ದಿನ ಬಿಟ್ಟು ಖಾಲಿ ಹಾಳೆ ಮೇಲೆ ಅದೇ ಲೆಕ್ಕ ಹಾಕು ಅಂದ್ರೆ ಸಾಲದ ಬಡ್ಡಿ ಎಲ್ಲಿ ಸೇರಿಸ್ಬೇಕು ಅಂತಾನೇ ಗೊತ್ತಾಗಲ್ಲ. ಆಗ ತಿಳಿಯುತ್ತೆ ಕಲಿತದ್ದೆಷ್ಟು ಅಂತ.

ಸಿನಿಮಾ ವಿಷಯಕ್ಕೆ ಬರ್ತೀನಿ. ಸಿನಿಮಾ ನೋಡಿ ಲೆಕ್ಕ ಕಲಿಯೋಕಾಗಲ್ಲ, ಆದ್ರೆ ಲೆಕ್ಕ ಗೊತ್ತಿದ್ದವರೂ ಯಾಕೆ ಹಾಳಾಗ್ತಾರೆ ಅಂತ ತಿಳಿಯುತ್ತೆ. 1999ರ ‘ರೋಗ್ ಟ್ರೇಡರ್’ ಇದೆಯಲ್ಲ, ಬ್ಯಾಂಕಲ್ಲಿ ಕೆಲಸಕ್ಕೆ ಸೇರೋ ಹುಡುಗರಿಗೆಲ್ಲ ಅದನ್ನ ತೋರಿಸ್ಬೇಕು. ನಡೆದದ್ದೇ ಅದು. ಲಂಡನ್ನಿನ ಬೇರಿಂಗ್ಸ್ ಬ್ಯಾಂಕು, 1762ರಲ್ಲಿ ಶುರುವಾದದ್ದು, 1995ರ ಫೆಬ್ರವರಿಯಲ್ಲಿ ಮುಳುಗ್ತು. ಸಿಂಗಪುರದಲ್ಲಿದ್ದ ನಿಕ್ ಲೀಸನ್ ಜಪಾನಿನ ಶೇರು ಸೂಚ್ಯಂಕದ ಮೇಲೆ ಬಾಜಿ ಕಟ್ಟಿ, ಸೋತದ್ದನ್ನೆಲ್ಲ 88888 ಅನ್ನೋ ಅಕೌಂಟಲ್ಲಿ ಬಚ್ಚಿಟ್ಟ. ಜನವರಿಯಲ್ಲಿ ಕೋಬೆ ಭೂಕಂಪ ಆಗಿ ಜಪಾನ್ ಮಾರ್ಕೆಟ್ ಬಿತ್ತು, ಇವನು ಮೇಲೇರುತ್ತೆ ಅಂತ ಇನ್ನೂ ಕೊಂಡ. ಒಟ್ಟು ನಷ್ಟ 82.7 ಕೋಟಿ ಪೌಂಡ್. ಕೊನೆಗೆ ಡಚ್ಚರ ಐಎನ್‌ಜಿ ಆ ಬ್ಯಾಂಕನ್ನ ಒಂದು ಪೌಂಡಿಗೆ ತಗೊಳ್ತು.

ಸಿನಿಮಾ ನೋಡಿದವರು ಆ ಹುಡುಗನ ದುರಾಸೆ ನೋಡ್ತಾರೆ. ನೋಡ್ಬೇಕಾದ್ದು ಬೇರೆ. ಅಲ್ಲಿ ವ್ಯಾಪಾರ ಮಾಡೋನೂ ಅವನೇ, ಆ ವ್ಯಾಪಾರದ ಲೆಕ್ಕ ಬರೆದು ತಾಳೆ ನೋಡೋ ವಿಭಾಗದ ಮುಖ್ಯಸ್ಥನೂ ಅವನೇ. ಒಬ್ಬ ನಮೂದಿಸಿದ್ದನ್ನ ಇನ್ನೊಬ್ಬ ಪಾಸ್ ಮಾಡ್ಬೇಕು ಅನ್ನೋದು ಯಾವ ಸಣ್ಣ ಬ್ರಾಂಚಲ್ಲೂ ಇರೋ ನಿಯಮ, ಅಲ್ಲಿ ಅದೇ ಇರ್ಲಿಲ್ಲ. ಲಂಡನ್ನಿನವರು ಅವನು ಕೇಳಿದಾಗೆಲ್ಲ ಮಾರ್ಜಿನ್ ದುಡ್ಡು, ಅಂದ್ರೆ ಬಾಜಿಗೆ ಭದ್ರತೆಯಾಗಿ ಇಡೋ ದುಡ್ಡು, ಕಳಿಸ್ತಾ ಹೋದ್ರು, ಇಷ್ಟು ಲಾಭ ಮಾಡ್ತಿರೋನಿಗೆ ಇಷ್ಟು ಮಾರ್ಜಿನ್ ಯಾಕೆ ಬೇಕು ಅಂತ ಗಟ್ಟಿಯಾಗಿ ಕೇಳಿದವರಿಲ್ಲ. ಶ್ರೀಪತಿಗೆ ಬಂದ ಫೋನೇ ಅದು, ಅಲ್ಲಿ ಬ್ಯಾಂಕಿಗೇ ಬಂತು.

2015ರ ‘ದಿ ಬಿಗ್ ಶಾರ್ಟ್’ ಕೂಡ ಅನು ನೋಡೇ ಇರ್ತಾಳೆ. ಮನೆ ಸಾಲಗಳನ್ನ ಒಟ್ಟುಗೂಡಿಸಿ ಮೇಲಿನ ಹಂತ, ಕೆಳಗಿನ ಹಂತ ಅಂತ ಮಾಡಿ ಮಾರೋದನ್ನ ಮರದ ತುಂಡುಗಳ ಗೋಪುರ ಕಟ್ಟಿ ತೋರಿಸ್ತಾರೆ, ಕೆಳಗಿಂದ ತುಂಡು ಎಳೆದ್ರೆ ಎಲ್ಲಾ ಬೀಳುತ್ತೆ. ಅದು ಚೆನ್ನಾಗಿದೆ. ಆದ್ರೆ ಆ ಸಿನಿಮಾ ಮುಗಿದ ಮೇಲೆ ಎಲ್ಲರಿಗೂ ತಾನೇ ಆ ಜಾಣ ಅನ್ನಿಸಿಬಿಡುತ್ತೆ, ಅದು ಅಪಾಯ. ಮನೆ ಸಾಲಗಳು ಮುಳುಗುತ್ತೆ ಅಂತ 2005ರಲ್ಲೇ ಬಾಜಿ ಕಟ್ಟಿದ ಮೈಕಲ್ ಬರಿ, ಅದು ಫಲ ಕೊಡೋವರೆಗೂ ವರ್ಷಗಟ್ಟಲೆ ಆ ಬಾಜಿಗೆ ವಿಮೆಯ ಕಂತಿನ ಹಾಗೆ ಪ್ರೀಮಿಯಂ ಕಟ್ತಾ ಇದ್ದ, ಅವನ ಹೂಡಿಕೆದಾರರೇ ದುಡ್ಡು ವಾಪಸ್ ಕೊಡು ಅಂತ ಮುಗಿಬಿದ್ದಿದ್ರು. ಎರಡನೇ ಸಲ ನೋಡುವಾಗ ಅದನ್ನ ಮಾತ್ರ ಗಮನಿಸು ಅಂತ ಹೇಳು, ಕಾಯೋ ಹೊತ್ತಲ್ಲಿ ದುಡ್ಡು ಯಾರ ಕೈಯಿಂದ ಹೋಗ್ತಿದೆ ಅಂತ.

ಹಳೇ ‘ಇಟ್ಸ್ ಎ ವಂಡರ್‌ಫುಲ್ ಲೈಫ್’, 1946ರದ್ದು, ಅದರಲ್ಲಿ ಜನ ದುಡ್ಡು ವಾಪಸ್ ಕೊಡಿ ಅಂತ ಮುತ್ತೋ ದೃಶ್ಯ ಇದೆ. ನಿಮ್ಮ ದುಡ್ಡು ಪೆಟ್ಟಿಗೆಯಲ್ಲಿಲ್ಲ, ಅಕ್ಕಪಕ್ಕದವರ ಮನೆಗಳಲ್ಲಿದೆ ಅಂತ ಆ ಸಂಸ್ಥೆ ನಡೆಸೋ ಕಥಾನಾಯಕ ವಿವರಿಸ್ತಾನೆ. ಎಲ್ಲರೂ ಒಂದೇ ದಿನ ಬಂದ್ರೆ ಗಟ್ಟಿ ಬ್ಯಾಂಕೂ ಯಾಕೆ ತತ್ತರಿಸುತ್ತೆ ಅನ್ನೋದಕ್ಕೆ ಅಷ್ಟು ಚೆನ್ನಾಗಿರೋ ಪಾಠ ಇಲ್ಲ. ಒಂದೇ ತಿದ್ದುಪಡಿ: ಅದು ಠೇವಣಿ ಕೂಡಿಸಿ ಮನೆ ಸಾಲ ಕೊಡೋ ಸಣ್ಣ ಸಂಸ್ಥೆ. ವಾಣಿಜ್ಯ ಬ್ಯಾಂಕು ಸಾಲ ಕೊಟ್ಟಾಗ ಸಾಲಗಾರನ ಖಾತೆಯಲ್ಲಿ ಹೊಸ ಠೇವಣಿಯೇ ಹುಟ್ಟುತ್ತೆ. ಬ್ಯಾಂಕ್ ಆಫ್ ಇಂಗ್ಲೆಂಡ್ 2014ರಲ್ಲಿ ಇದನ್ನೇ ವಿವರಿಸಿ ಲೇಖನ, ವಿಡಿಯೋ ಎರಡೂ ಹಾಕಿದೆ. ಸಿನಿಮಾ ಆದ್ಮೇಲೆ ಅದನ್ನ ನೋಡ್ಲಿ.

ಆದ್ರೆ ಒಂದು ಮಾತು, ಈ ಸಿನಿಮಾದವರಿಗೆ ಬ್ಯಾಂಕಿನವರು ಅಂದ್ರೆ ಕಳ್ಳರು, ಇಲ್ಲಾ ಪೆದ್ದರು. ಸಂಜೆ ಕ್ಯಾಶ್ ತಾಳೆ ಆಗದೆ ಎಲ್ಲರೂ ಕೂತು ಒಂದೊಂದೇ ಚೀಟಿ ತಿರುವಿ ಹಾಕೋದನ್ನ ಯಾರು ತೋರಿಸ್ತಾರೆ? ನಮ್ಮ ಬ್ಯಾಂಕಿನ ಟ್ರೇನಿಂಗಲ್ಲೂ ಅಷ್ಟೇ ಮಾಡಿದ್ರು, ದೀಪ ಆರಿಸಿ ವಿಡಿಯೋ ಹಾಕಿ, ಸಹಿ ಹಾಕಿಸ್ಕೊಂಡು, ತರಬೇತಿ ಆಯ್ತು ಅಂತ ಕಳಿಸಿಬಿಡೋರು. ಒಂದು ಲೆಕ್ಕ ಮಾಡಿಸ್ತಿರ್ಲಿಲ್ಲ. ಆಮೇಲೆ ಕೌಂಟರಲ್ಲಿ ತಪ್ಪಾದ್ರೆ, ಟ್ರೇನಿಂಗ್ ಕೊಟ್ಟಿದ್ವಲ್ಲ ಅಂತ ಮೆಮೋ. ನಿಮ್ಮದೂ ಕಮ್ಮಿ ಇಲ್ಲ ಬಿಡಿ. ಮನೇಲಿ ಜೀವಮಾನವೆಲ್ಲ ಲೆಡ್ಜರ್ ಬರೆದವಳು ಒಬ್ಬಳಿದ್ದಾಳೆ, ಶ್ರೀಪತಿಗೆ ಒಂದು ಫೋನ್ ಮಾಡೋಕೆ ಆಗ್ಲಿಲ್ಲ, ಗುರುತು ಪರಿಚಯ ಇಲ್ಲದವನ ಲಿಂಕ್ ಒತ್ತೋಕೆ ಆಯ್ತು. ಕಿಟ್ಟಿ ದಿನಾ ಫಾರ್ವರ್ಡ್ ಮಾಡ್ತಾನಲ್ಲ, ಅದರಲ್ಲಿ ಎಷ್ಟನ್ನ ತಾನೇ ತೆರೆದು ನೋಡಿದಾನೆ ಕೇಳಿ. ಹೋಗ್ಲಿ, ಈಗ ಅದನ್ನೆಲ್ಲ ಯಾಕೆ ತೆಗೀತೀನೋ.

ಹಾಂ, ವೀಣಾ, ನೀನು ಕೇಳಿದ್ದು ಅವಳು ನಿಜವಾಗಿ ಕಲಿಯೋದು ಹೇಗೆ ಅಂತ. ಅದನ್ನೇ ಹೇಳ್ಲಿಲ್ಲ ನೋಡು.

ಮೊದಲು ವಿಡಿಯೋದ ತಾರೀಖು ನೋಡ್ಬೇಕು. ಬಡ್ಡಿ ಹೇಗೆ ಬೆಳೆಯುತ್ತೆ ಅನ್ನೋದು ಹಳೇದಾಗಲ್ಲ, ಆದ್ರೆ ತೆರಿಗೆ, ಶುಲ್ಕ, ಠೇವಣಿ ವಿಮೆಯ ಮಿತಿ ಇವೆಲ್ಲ ಬದಲಾಗ್ತಾನೇ ಇರುತ್ತೆ. ಕೆಳಗಿನ ವಿವರಣೆ ತೆರೆದು ನೋಡ್ಲಿ, ಖಾತೆ ತೆರೆಯೋ ಲಿಂಕ್ ಇದ್ರೆ ವಿಡಿಯೋ ಮಾಡಿದವನಿಗೆ ಅದರಿಂದ ಕಮಿಷನ್ ಬರುತ್ತೆ ಅಂತಾನೇ ಇಟ್ಕೊಳ್ಳೋದು. ದೊಡ್ಡ ಮನುಷ್ಯರ ಮುಖ, ಧ್ವನಿ ಎರಡನ್ನೂ ಕಂಪ್ಯೂಟರಲ್ಲಿ ಹುಟ್ಟಿಸಿ ಇಂಥದ್ದಕ್ಕೆ ದುಡ್ಡು ಹಾಕಿ ಅನ್ನೋ ವಿಡಿಯೋಗಳೂ ಬರ್ತಿವೆ. ಸಲಹೆ ಕೊಡೋನು ನೋಂದಾಯಿತನಾ ಅಂತ ನಿಯಂತ್ರಕರ ವೆಬ್‌ಸೈಟಿಗೆ ತಾನೇ ಹೋಗಿ ಹುಡುಕ್ಬೇಕು, ಅವನು ಕೊಟ್ಟ ಲಿಂಕಿಂದ ಹೋಗ್ಬಾರ್ದು.

ಖಾನ್ ಅಕಾಡೆಮಿಯಲ್ಲಿ ಬಡ್ಡಿ, ಸಾಲ, ಬಾಂಡು ಅಂದ್ರೆ ಸಾಲಪತ್ರ, ಎಲ್ಲಾ ಚಿಕ್ಕ ಚಿಕ್ಕದಾಗಿ ಬಿಟ್ಟಿಯಾಗೇ ಇದೆ, ಅಲ್ಲಿಂದ ಶುರು ಮಾಡ್ಲಿ. ಗಟ್ಟಿಯಾಗಿ ಬೇಕು ಅಂದ್ರೆ ಯೇಲ್ ವಿಶ್ವವಿದ್ಯಾಲಯದ ರಾಬರ್ಟ್ ಶಿಲ್ಲರ್ ಪಾಠಗಳು ಪೂರ್ತಿ ಸಿಗುತ್ತೆ, ಅವರಿಗೆ 2013ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಸ್ಪೀಡ್ ಹೆಚ್ಚಿಸ್ಬಾರ್ದು, ಅಂಕಿಗಳು ಜಾರಿಹೋಗ್ತವೆ. ಅವರು ಉತ್ತರ ಹೇಳೋಕೆ ಮುಂಚೆ ವಿಡಿಯೋ ನಿಲ್ಲಿಸಿ ತಾನೇ ಲೆಕ್ಕ ಹಾಕ್ಬೇಕು. ಆಮೇಲೆ ಹಾಳೆ ಮೇಲೆ ಮೂರು ವಿಷಯ ಬರೀಬೇಕು: ಇದರಲ್ಲಿ ಹೆಚ್ಚೆಂದ್ರೆ ಎಷ್ಟು ಹೋಗಬಹುದು, ನಡುವೆ ದುಡ್ಡು ಬೇಕಾದ್ರೆ ಸಿಗುತ್ತಾ, ನನ್ನಿಂದ ಯಾರಿಗೆ ಎಷ್ಟು ಶುಲ್ಕ ಹೋಗುತ್ತೆ. ಮೂರರಲ್ಲಿ ಒಂದಕ್ಕೆ ವಿಡಿಯೋದಲ್ಲಿ ಉತ್ತರ ಇಲ್ಲ ಅಂದ್ರೂ ಆ ಸ್ಕೀಮಿನ ಷರತ್ತುಗಳ ಪತ್ರ ತೆಗೆದು ಓದ್ಬೇಕು.

ಮೊದಲ ಲೆಕ್ಕ ನಾನೇ ಕೊಡ್ತೀನಿ. 1,20,000 ಸಾಲ, 12 ತಿಂಗಳು, ವರ್ಷಕ್ಕೆ 12 ಪರ್ಸೆಂಟ್ ಫ್ಲ್ಯಾಟ್ ಬಡ್ಡಿ, ತೀರಿಸಿದ್ದನ್ನ ಕಳೆಯದೆ ಮೊದಲಿನ ಪೂರ್ತಿ ಸಾಲದ ಮೇಲೇ ಹಾಕೋ ಬಡ್ಡಿ. ಅಂದ್ರೆ ಬಡ್ಡಿ 14,400, ತಿಂಗಳ ಕಂತು 11,200. ಈಗ ಅದೇ 12 ಪರ್ಸೆಂಟನ್ನ ಇಳಿಯೋ ಬಾಕಿ ಮೇಲೆ ಹಾಕಿದ್ರೆ ಕಂತು 10,662, ಒಟ್ಟು ಬಡ್ಡಿ 7,942 ಆಗುತ್ತೆ. ಸ್ಪ್ರೆಡ್‌ಶೀಟಲ್ಲಿ ಪಿಎಂಟಿ ಅನ್ನೋ ಫಾರ್ಮುಲಾಕ್ಕೆ ತಿಂಗಳ ದರ, ಕಂತುಗಳ ಸಂಖ್ಯೆ, ಸಾಲದ ಮೊತ್ತ ಕೊಟ್ರೆ ಬರುತ್ತೆ. ಎಲ್ಲರೂ ಎಡವೋದು ದರದಲ್ಲಿ, ವರ್ಷದ 12ನ್ನೇ ಹಾಕಿಬಿಡ್ತಾರೆ. 12ರಿಂದ ಭಾಗಿಸಿ ತಿಂಗಳಿಗೆ 1 ಪರ್ಸೆಂಟ್, ಅಂದ್ರೆ 0.01 ಹಾಕ್ಬೇಕು. ಉತ್ತರ ಮೈನಸ್ಸಲ್ಲಿ ಬರುತ್ತೆ, ಕೈಯಿಂದ ಹೋಗೋ ದುಡ್ಡು ಅಂತ ಅದರರ್ಥ, ಗಾಬರಿ ಬೇಡ. ಆಮೇಲೆ ರೇಟ್ ಅನ್ನೋ ಫಾರ್ಮುಲಾಕ್ಕೆ 12 ಕಂತು, ಮೈನಸ್ 11,200, ಸಾಲ 1,20,000 ಕೊಟ್ಟು, ಬಂದದ್ದನ್ನ 12ರಿಂದ ಗುಣಿಸ್ಲಿ. 12 ಪರ್ಸೆಂಟ್ ಅಂತ ಹೇಳಿ ಮಾರಿದ ಆ ಫ್ಲ್ಯಾಟ್ ಸಾಲದ ನಿಜವಾದ ದರ ಸುಮಾರು 21.5 ಪರ್ಸೆಂಟ್ ಅಂತ ಬರ್ಬೇಕು.

ಅದು ಬಂದ್ರೆ ಆ ಶೀಟನ್ನ ಗ್ರೂಪಿಗೆ ಬೇಡ, ನನಗೇ ಕಳಿಸ್ಲಿ, ಸೆಲ್ಲಲ್ಲಿ ಫಾರ್ಮುಲಾ ಹಾಗೇ ಇರ್ಲಿ, ಬರೀ ಉತ್ತರದ ಫೋಟೋ ಕಳಿಸಿದ್ರೆ ನಾನು ನೋಡಲ್ಲ. ಆಮೇಲೆ ಬಾಂಡ್ ಲೆಕ್ಕ ಕೊಡ್ತೀನಿ.