‘ಲ್ಯಾಂಗ್ವೇಜ್ ಗೇಮ್’ಗೆ ಕನ್ನಡದಲ್ಲಿ ಏನನ್ನೋಣ? ಆಟ, ನಡೆ, ಲೆಕ್ಕ

ಆಧುನಿಕೋತ್ತರ ಚಿಂತಕರ ಬಗ್ಗೆ ಕನ್ನಡದಲ್ಲಿ ಬರೆಯಲು ಕೂತರೆ ಮೊದಲ ಪುಟದಲ್ಲೇ ಎದುರಾಗುವ ಪದ ‘ಲ್ಯಾಂಗ್ವೇಜ್ ಗೇಮ್’, ಅಂದರೆ ಮಾತನ್ನೂ ಅದರ ಸುತ್ತಲಿನ ಕೆಲಸವನ್ನೂ ನಿಯಮಗಳಿರುವ ಒಂದು ಆಟದಂತೆ ನೋಡುವ ಬಗೆ. ಭಾಷಾಕ್ರೀಡೆ, ಭಾಷಿಕ ಆಟ, ನುಡಿಯಾಟ ಅಂತ ಮೂರು ರೂಪಗಳು ನನ್ನ ಮುಂದಿವೆ. ಯಾವುದನ್ನು ಉಳಿಸಿಕೊಳ್ಳೋಣ? ನನ್ನ ಒಲವು ‘ನುಡಿಯಾಟ’ದ ಕಡೆಗೆ. ಆದರೆ ಅದರಲ್ಲೂ ಒಂದೆರಡು ತೊಡಕುಗಳಿವೆ, ಅವನ್ನು ಬಿಡಿಸಲು ತಿಳಿದವರ ನೆರವು ಬೇಕು.

‘ಭಾಷಾಕ್ರೀಡೆ’ಯನ್ನು ಮೊದಲೇ ಪಕ್ಕಕ್ಕಿಡುತ್ತೇನೆ. ‘ಕ್ರೀಡೆ’ ಅಂದ ಕೂಡಲೇ ಈಗ ಕಣ್ಣಿಗೆ ಬರುವುದು ಪತ್ರಿಕೆಯ ಕೊನೆಯ ಪುಟ, ತಾಲ್ಲೂಕು ಮಟ್ಟದ ಕ್ರೀಡಾಕೂಟದ ಬ್ಯಾನರು, ಸೀಟಿ ಊದುವ ಪಿ.ಟಿ. ಮೇಷ್ಟ್ರು. ಅಲ್ಲಿ ನಿಯಮವೆಂದರೆ ಅಚ್ಚಾದ ಪುಸ್ತಕ, ಎದುರು ಮಾತಾಡಿದರೆ ಹೊರಗೆ. ಈ ಪದವನ್ನು ಚಲಾವಣೆಗೆ ತಂದ ದಾರ್ಶನಿಕ ವಿಟ್‌ಗೆನ್‌ಸ್ಟೈನ್ ಹೇಳಹೊರಟದ್ದು ಹೆಚ್ಚುಕಡಿಮೆ ಇದರ ಉಲ್ಟಾ. ಆತ ತೀರಿಕೊಂಡದ್ದು 1951ರಲ್ಲಿ. ‘ಫಿಲಾಸಫಿಕಲ್ ಇನ್ವೆಸ್ಟಿಗೇಷನ್ಸ್’ ಹೊರಬಂದದ್ದು 1953ರಲ್ಲಿ. ಅದರ 66ನೇ ಪರಿಚ್ಛೇದದಲ್ಲಿ ಆತನ ಪ್ರಶ್ನೆ: ಮಣೆಯ ಮೇಲಿನ ಆಟ, ಇಸ್ಪೀಟು, ಚೆಂಡಾಟ ಎಲ್ಲಕ್ಕೂ ‘ಆಟ’ ಅನ್ನುತ್ತೇವಲ್ಲ, ಇವುಗಳಲ್ಲಿ ಸಮಾನವಾದದ್ದು ಏನು? ಏನೋ ಒಂದು ಇರಲೇಬೇಕು ಅನ್ನಬೇಡಿ, ಕಣ್ಣಿಟ್ಟು ನೋಡಿ. ನೋಡಿದರೆ ಒಂದೇ ಮನೆತನದವರ ಮೂಗು, ಕಣ್ಣು, ನಡಿಗೆಯಲ್ಲಿ ಕಾಣುವಂಥ ಹೋಲಿಕೆಗಳು ಸಿಗುತ್ತವೆ. ಎಲ್ಲರಲ್ಲೂ ಇರುವ ಒಂದೇ ಗುರುತು ಸಿಗುವುದಿಲ್ಲ. 83ನೆಯದರಲ್ಲಿ ಬಯಲಲ್ಲಿ ಚೆಂಡಾಡುವ ಜನರನ್ನು ತೋರಿಸಿ, ಆಡುತ್ತಾಡುತ್ತಲೇ ನಿಯಮ ಕಟ್ಟುವುದುಂಟು, ಬದಲಾಯಿಸುವುದೂ ಉಂಟು ಅನ್ನುತ್ತಾನೆ. ನಮ್ಮ ಗಲ್ಲಿ ಕ್ರಿಕೆಟ್ ಇದೇ ತಾನೆ? ಮೂಲೆಮನೆ ಕಾಂಪೌಂಡಿಗೆ ಚೆಂಡು ಬಿದ್ದರೆ ಸಿಕ್ಸರ್ ಅಲ್ಲ, ಔಟು. ಆ ನಿಯಮ ಹುಟ್ಟಿದ್ದು ಆ ಮನೆಯವರು ಚೆಂಡು ವಾಪಸ್ ಕೊಡದ ಸಂಜೆ.

ವಿಟ್‌ಗೆನ್‌ಸ್ಟೈನ್‌ನನ್ನು ಆಧುನಿಕೋತ್ತರ ಪಂಗಡಕ್ಕೆ ಸೇರಿಸುವುದು ಸರಿಯಲ್ಲ. ಆತನ ಪದವನ್ನು ಎತ್ತಿಕೊಂಡು ಆ ಓಣಿಗೆ ತಂದವನು ಫ್ರೆಂಚ್ ದಾರ್ಶನಿಕ ಲಿಯೋತಾರ್. 1979ರ ‘ಪೋಸ್ಟ್‌ಮಾಡರ್ನ್ ಕಂಡಿಷನ್’ ಅಸಲಿಗೆ ಕೆನಡಾದ ಕ್ವಿಬೆಕ್ ಸರ್ಕಾರದ ವಿಶ್ವವಿದ್ಯಾಲಯ ಪರಿಷತ್ತು ಬರೆಸಿಕೊಂಡ ಒಂದು ವರದಿ. ಸರ್ಕಾರಿ ವರದಿಯೊಂದು ಇಷ್ಟು ಜನರ ತಲೆ ಕೆಡಿಸಿದ್ದು ಬೇರೆಲ್ಲೂ ಕಂಡಿಲ್ಲ. ಎಲ್ಲರೂ ಉದ್ಧರಿಸುವುದು ಅದರ ‘ಮಹಾಕಥನಗಳ ಮೇಲಿನ ಅಪನಂಬಿಕೆ’ಯ ಮಾತನ್ನು, ಅಂದರೆ ಇಡೀ ಚರಿತ್ರೆಯನ್ನು ಒಂದೇ ಎಳೆಯಲ್ಲಿ ಪೋಣಿಸುವ ದೊಡ್ಡ ಕಥೆಗಳನ್ನು ನಂಬದಿರುವುದನ್ನು. ನಮ್ಮ ಚರ್ಚೆಗೆ ಬೇಕಾದದ್ದು ಮೂರನೇ ಅಧ್ಯಾಯ. ಅಲ್ಲಿ ನುಡಿಯಾಟದ ಬಗ್ಗೆ ಮೂರು ಮಾತು ಬರುತ್ತವೆ: ನಿಯಮಗಳು ತಮ್ಮನ್ನು ತಾವೇ ಸಮರ್ಥಿಸಿಕೊಳ್ಳಲಾರವು, ಆಡುವವರ ನಡುವಿನ ಒಪ್ಪಂದವೇ ಅವಕ್ಕೆ ಆಧಾರ, ಆ ಒಪ್ಪಂದ ಬಾಯಿಬಿಟ್ಟು ಆಡದಿದ್ದರೂ ಸರಿ; ಎರಡನೆಯದು, ನಿಯಮವಿಲ್ಲದಿದ್ದರೆ ಆಟವೇ ಇಲ್ಲ, ಒಂದು ನಿಯಮ ಕೂದಲೆಳೆಯಷ್ಟು ಕದಲಿದರೂ ಅದು ಬೇರೆ ಆಟ; ಮೂರನೆಯದು, ಆಡುವ ಪ್ರತಿ ಮಾತೂ ಒಂದು ದಾಳ ಉರುಳಿಸಿದಂತೆ.

ಈ ಮೂರನೆಯದಕ್ಕೆ ಆಮೇಲೆ ಬರುತ್ತೇನೆ. ಎರಡನೆಯದಕ್ಕೆ ಉದಾಹರಣೆ ಹುಡುಕಿ ಪ್ಯಾರಿಸ್ಸಿಗೆ ಹೋಗಬೇಕಿಲ್ಲ. ‘ಊಟ ಆಯ್ತಾ?’ ತಗೊಳ್ಳಿ. ನಮ್ಮ ತಂದೆತಾಯಂದಿರ ಕಾಲಕ್ಕೆ ಇದು ಪ್ರಶ್ನೆಯಲ್ಲ, ದಾರಿಯಲ್ಲಿ ಎದುರಾದವರ ಕ್ಷೇಮ ವಿಚಾರಿಸುವ ರೀತಿ. ‘ಇಲ್ಲ’ ಅಂದರೆ ಕೇಳಿದವರಿಗೇ ಪೇಚು. ‘ಹೂಂ, ಆಯ್ತು, ನಿಮ್ದು?’ ಅನ್ನುವುದೇ ರೀತಿ. ಇದೇ ಎರಡು ಪದ ಮೊಬೈಲಿಗೆ ಬಂದು ಪರಿಚಯ ಅಷ್ಟಕ್ಕಷ್ಟೇ ಇರುವ ಹುಡುಗನಿಂದ ರಾತ್ರಿ ಹನ್ನೊಂದಕ್ಕೆ ಹುಡುಗಿಯೊಬ್ಬಳ ಇನ್‌ಬಾಕ್ಸಿಗೆ ಬಿದ್ದರೆ? ಅದಕ್ಕೆ ಬೇರೆಯದೇ ಅರ್ಥ, ಅವಳ ಗೆಳತಿಯರ ಗುಂಪಲ್ಲಿ ಅದರ ಸ್ಕ್ರೀನ್‌ಶಾಟು, ಅದರ ಮೇಲೆ ನಗು. ಈಗ ಹಿರಿಯ ಸಹೋದ್ಯೋಗಿಯೊಬ್ಬರು ಸಹಜವಾಗಿ ‘ಊಟ ಆಯ್ತಾ’ ಅಂತ ಮೆಸೇಜ್ ಹಾಕಿದರೂ ಓದಿದವರ ಹುಬ್ಬು ಒಂದು ಗಳಿಗೆ ಮೇಲೇರುತ್ತದೆ. ಪದ, ವ್ಯಾಕರಣ, ಪ್ರಶ್ನಾರ್ಥಕ ಚಿಹ್ನೆ ಎಲ್ಲವೂ ಹಾಗೇ ಇವೆ. ಸರಿದದ್ದು ಆಡುವವರ ನಡುವಿನ ಒಪ್ಪಂದ. ಯಾವ ನಿಘಂಟಿನವರನ್ನೂ ಕೇಳಿ ಅದು ಸರಿಯಲಿಲ್ಲ.

ಇನ್ನೊಂದು ‘ಇಡ್ತೀನಿ’. ಫೋನಿನ ರಿಸೀವರನ್ನು ಅದರ ತೊಟ್ಟಿಲ ಮೇಲೆ ನಿಜವಾಗಿ ಇಡುತ್ತಿದ್ದ ಕಾಲದ ಮಾತು. ಈಗ ಇಡಲು ಏನೂ ಇಲ್ಲ, ಗಾಜಿನ ಮೇಲೆ ಕೆಂಪು ಚುಕ್ಕಿ ಒತ್ತುತ್ತೇವೆ. ಲ್ಯಾಂಡ್‌ಲೈನನ್ನು ಕಣ್ಣಾರೆ ಕಾಣದ ಮಕ್ಕಳೂ ‘ಸರಿ, ಇಡ್ಲಾ?’ ಅಂತಲೇ ಮುಗಿಸುತ್ತಾರೆ. ಇನ್ನೊಬ್ಬ ಫ್ರೆಂಚ್ ದಾರ್ಶನಿಕ ಡೆರಿಡಾ 1971ರಲ್ಲಿ ಮಾಂಟ್ರಿಯಲ್‌ನಲ್ಲಿ ಮಂಡಿಸಿದ ಪ್ರಬಂಧದ ತಿರುಳು ಇದೇ: ಪದವಾಗಲಿ ಬರಹವಾಗಲಿ, ಗುರುತೊಂದು ತಾನು ಹುಟ್ಟಿದ ಸಂದರ್ಭದಿಂದ, ಆಡಿದವನ ಉದ್ದೇಶದಿಂದ ಕಳಚಿಕೊಂಡು ಬೇರೆಡೆ ಮತ್ತೆ ಕೆಲಸಕ್ಕೆ ಬರಬಲ್ಲದಾಗಿರಬೇಕು, ಇಲ್ಲದಿದ್ದರೆ ಅದು ಗುರುತೇ ಅಲ್ಲ. ಅಮೆರಿಕದ ದಾರ್ಶನಿಕ ಸರ್ಲ್ ಅದಕ್ಕೆ 1977ರಲ್ಲಿ ಕೊಟ್ಟ ಉತ್ತರ, ಆಮೇಲಿನ ಕಿತ್ತಾಟ ನಮಗೀಗ ಬೇಡ.

ಮತ್ತೆ ಪದಕ್ಕೆ. ‘ಆಟ’ ಬೇಡ ಅನ್ನುವವರ ತಕರಾರು ಗೊತ್ತು. ಆಟ ಅಂದರೆ ಹುಡುಗಾಟ, ಚೆಲ್ಲಾಟ. ಗಂಭೀರ ವಿಷಯಕ್ಕೆ ಒಗ್ಗುವುದಿಲ್ಲ, ‘ಏನು ಬೇಕಾದರೂ ಅನ್ನಬಹುದು’ ಎಂಬ ಧ್ವನಿ ಬಂದುಬಿಡುತ್ತದೆ. ಆಧುನಿಕೋತ್ತರವಾದಿಗಳ ಮೇಲೆ ಹೊರಿಸುವ ಆರೋಪವೂ ಇದೇ ಆಗಿರುವುದರಿಂದ ಈ ಭಯ ಸಹಜ. ಆದರೆ ‘ಆಡು’ ಧಾತುವಿನ ಹರವನ್ನು ನೋಡಿ. ಇಂಗ್ಲಿಷಿನವರಿಗೆ ‘ಗೇಮ್’ ಬೇರೆ, ‘ಪ್ಲೇ’ ಬೇರೆ. ವಿಟ್‌ಗೆನ್‌ಸ್ಟೈನ್ ಬರೆದ ಜರ್ಮನ್ನಿನ ‘ಶ್ಪೀಲ್’ನಲ್ಲಿ ಎರಡೂ ಇವೆ, ನಾಟಕವೂ ಇದೆ. ನಮ್ಮ ‘ಆಟ’ ಹಾಗೆಯೇ. ಕರಾವಳಿಯಲ್ಲಿ ‘ಆಟಕ್ಕೆ ಹೋಗಿದ್ದೆ’ ಅಂದರೆ ಯಕ್ಷಗಾನ ನೋಡಿ ಬೆಳಗ್ಗೆ ಮನೆ ಸೇರಿದ್ದು ಅಂತ. ಇನ್ನು ಜರ್ಮನ್ನಿಗೂ ಇಲ್ಲದ ಭಾಗ್ಯ ಒಂದುಂಟು: ಕನ್ನಡದಲ್ಲಿ ‘ಆಡು’ ಅಂದರೆ ನುಡಿಯುವುದೂ ಹೌದು. ಮಾತಾಡು, ಆಡುನುಡಿ, ಆಡಿದ ಮಾತು. ತೆಲುಗರೂ ‘ಮಾಟ್ಲಾಡು’ ಅನ್ನುತ್ತಾರೆ. ಹಾಗಾಗಿ ಈ ದಾರ್ಶನಿಕರು ಎರಡು ಪದ ಕೂಡಿಸಿ ಹೇಳಿದ್ದನ್ನು ನಾವು ದಿನವೂ ಒಂದೇ ಕ್ರಿಯಾಪದದಲ್ಲಿ ಅನ್ನುತ್ತಿದ್ದೇವೆ.

ಅಷ್ಟೇ ಅಲ್ಲ. ಓಡಾಡು, ಅಲೆದಾಡು, ಹೊಡೆದಾಡು, ಕಿತ್ತಾಡು, ಉಸಿರಾಡು, ಗಾಳಿಯಾಡು. ಇಲ್ಲೆಲ್ಲ ‘ಆಡು’ ಅಂದರೆ ಮತ್ತೆ ಮತ್ತೆ ಆಗುವುದು, ಅತ್ತಿಂದಿತ್ತ ಆಗುವುದು, ಇಬ್ಬರ ನಡುವೆ ಆಗುವುದು. ಒಬ್ಬ ಹೊಡೆದರೆ ಹೊಡೆತ; ಇಬ್ಬರೂ ಹೊಡೆದರೆ ಹೊಡೆದಾಟ. ಒಬ್ಬನಿಗಷ್ಟೇ ಸೇರಿದ ನಿಯಮ ನಿಯಮವೇ ಅಲ್ಲ ಎಂಬ ವಾದ ಈ ಪ್ರತ್ಯಯದಲ್ಲೇ ಅಡಗಿ ಕೂತಿದೆ. ‘ಗಾಬರಿಗೆ ಕೈಕಾಲೇ ಆಡಲಿಲ್ಲ’ ಅನ್ನುವಾಗ ಆಡುವುದೆಂದರೆ ಸಡಿಲವಾಗಿ ಚಲಿಸಲು ಎಡೆ ಇರುವುದು. ಡೆರಿಡಾ 1966ರಲ್ಲಿ ಬಾಲ್ಟಿಮೋರ್‌ನಲ್ಲಿ ರಚನೆ, ಚಿಹ್ನೆ ಮತ್ತು ಆಟದ ಬಗ್ಗೆ ಮಾಡಿದ ಭಾಷಣದಲ್ಲಿ ‘ಆಟ’ಕ್ಕೆ ಬಳಸಿದ ಫ್ರೆಂಚ್ ಪದಕ್ಕೂ ಈ ಅರ್ಥವಿದೆ: ಕೀಲಿನಲ್ಲಿರುವ ಸಡಿಲ. ನಮ್ಮ ಮೆಕ್ಯಾನಿಕ್‌ಗಳು ‘ಸ್ಟೇರಿಂಗಲ್ಲಿ ಪ್ಲೇ ಬಂದಿದೆ ಸಾರ್’ ಅನ್ನುತ್ತಾರಲ್ಲ, ಅದೇ.

ಇಷ್ಟಾದರೂ ‘ನುಡಿಯಾಟ’ಕ್ಕೆ ನಿಜವಾದ ತೊಡಕು ಇನ್ನೊಂದಿದೆ. ಕನ್ನಡ ಜನಕ್ಕೆ ಆಡುವುದು ಬೇರೆ, ಮಾಡುವುದು ಬೇರೆ. ‘ಆಡದೆ ಮಾಡುವವನು ರೂಢಿಯೊಳಗುತ್ತಮನು’ ಅಂದ ಸರ್ವಜ್ಞ ಆಡಿಯೂ ಮಾಡದವನನ್ನು ಅಧಮರ ಸಾಲಿಗೆ ತಳ್ಳಿದ. ವಿಟ್‌ಗೆನ್‌ಸ್ಟೈನ್‌ನ ವಾದದ ಜೀವವೋ ಈ ಗೋಡೆಯನ್ನು ಒಡೆಯುವುದರಲ್ಲಿದೆ; ನುಡಿಯೂ ಅದರೊಡನೆ ಹೆಣೆದುಕೊಂಡ ಕೆಲಸವೂ ಸೇರಿದ ಇಡೀ ನೇಯ್ಗೆಗೆ ಆತ ಆ ಹೆಸರಿಟ್ಟದ್ದು. ಆತನ ಮೊದಮೊದಲ ಉದಾಹರಣೆಗಳಲ್ಲೊಂದರಲ್ಲಿ ಮೇಸ್ತ್ರಿ ‘ಚಪ್ಪಡಿ’ ಅಂದರೆ ಕೆಲಸದಾಳು ಚಪ್ಪಡಿ ತಂದುಕೊಡುತ್ತಾನೆ, ಅಷ್ಟೇ. ‘ಆಡು’ವಿನ ಪರವಾಗಿ ಬೇಟೆಯಾಡು, ಜೂಜಾಡು, ಕಾದಾಡುಗಳನ್ನು ಸಾಕ್ಷಿಗೆ ಕರೆಯಬಹುದು, ಅವು ಬರೀ ಬಾಯಿಮಾತಲ್ಲ. ಆದರೂ ಸರ್ವಜ್ಞನ ತೂಕ ಜಾಸ್ತಿ.

ಇಲ್ಲಿ ಲಿಯೋತಾರ್‌ನ ಮೂರನೇ ಮಾತು ಕೈಹಿಡಿಯುತ್ತದೆ ಅನ್ನಿಸುತ್ತದೆ. ಪ್ರತಿ ಮಾತೂ ಒಂದು ‘ಮೂವ್’ ಅನ್ನುವುದನ್ನು ಮೇಲೆ ದಾಳಕ್ಕೆ ಹೋಲಿಸಿ ದಾಟಿಸಿದ್ದೆ, ಆದರೆ ದಾಳದಲ್ಲಿ ಅದೃಷ್ಟದ ವಾಸನೆ. ಚದುರಂಗದ ವರದಿಗಳಲ್ಲಿ ‘ಮೂವ್’ಗೆ ಬರುವ ಪದ ‘ನಡೆ’. ನಡೆ ಅಂದರೆ ವರ್ತನೆಯೂ ಹೌದು, ಹೆಜ್ಜೆಯೂ ಹೌದು, ರಾಜಕಾರಣಿಯ ಮುಂದಿನ ಪಟ್ಟೂ ಹೌದು. ‘ನಡೆನುಡಿ’ ಅನ್ನುವ ಜೋಡಿಯಂತೂ ಎಲ್ಲರ ಬಾಯಲ್ಲಿದೆ. ಆಡು-ಮಾಡು ಜಗಳಕ್ಕೆ ಬಿದ್ದಲ್ಲಿ ನಡೆ-ನುಡಿ ಒಟ್ಟಿಗೆ ಬಾಳುತ್ತವೆ. ‘ನುಡಿಯಾಟದಲ್ಲಿ ಪ್ರತಿ ನುಡಿಯೂ ಒಂದು ನಡೆ’ ಅಂತ ಬರೆದರೆ ಫ್ರೆಂಚಿನಲ್ಲಿ ಇಲ್ಲದ ಬಿಗಿ ಸಿಗುತ್ತದೆ. ಇದಕ್ಕೆ ಯಾರಾದರೂ ತಕರಾರು ತೆಗೆದರೆ ಕೇಳುವ ಆಸೆ. ‘ನಡೆ’ಯಲ್ಲಿ ನೀತಿಯ ಲೇಪ ಹೆಚ್ಚಾಯಿತು, ನಡತೆ ಸರ್ಟಿಫಿಕೇಟಿನ ನೆನಪಾಗುತ್ತದೆ ಅನ್ನುವವರು ಇರಬಹುದು.

ಉಳಿದದ್ದು ಲಿಯೋತಾರ್‌ನ 1983ರ ಪುಸ್ತಕದ ಪದ, ‘ದಿಫೆರಾಂ’. ಇದಕ್ಕೆ ನನ್ನಲ್ಲಿ ಪದವೇ ಇಲ್ಲ. ಇಬ್ಬರ ನಡುವೆ ತಕರಾರು ಇದೆ, ತೀರ್ಪು ಕೊಡುವ ಜಾಗವೂ ಇದೆ, ಆದರೆ ಆ ಜಾಗದ ನುಡಿಯಲ್ಲಿ ಒಬ್ಬನ ನೋವನ್ನು ಹೇಳಲಿಕ್ಕೇ ಬರುವುದಿಲ್ಲ. ಅವನು ದೂರುದಾರನಾಗಲಾರದೆ ಬರೀ ಬಲಿಪಶುವಾಗಿ ಉಳಿಯುತ್ತಾನೆ. ನಾತ್ಸಿಗಳ ವಿಷಾನಿಲದ ಕೋಣೆಗಳನ್ನು ಅಲ್ಲಗಳೆಯುವವರ ವಾದ ಆತನ ಉದಾಹರಣೆ: ಆ ಕೋಣೆ ಕೊಂದದ್ದನ್ನು ಕಣ್ಣಾರೆ ಕಂಡವನ ಸಾಕ್ಷ್ಯವೇ ಬೇಕಂತೆ, ಕಂಡವನೋ ಸತ್ತಿದ್ದಾನೆ. ಇದು ಭಾಷಾಂತರಕಾರನನ್ನು ಕೂರಿಸಿದರೆ ತೀರುವ ತೊಂದರೆಯಲ್ಲ. ಹೈಕೋರ್ಟಿನಲ್ಲಿ ತನ್ನದೇ ಕೇಸು ಇಂಗ್ಲಿಷಿನಲ್ಲಿ ನಡೆಯುವುದನ್ನು ಹಿಂದಿನ ಬೆಂಚಲ್ಲಿ ಕೂತು ನೋಡುವ ರೈತನ ಪಾಡು ಇದಕ್ಕೆ ಹತ್ತಿರ, ಆದರೆ ಇದೇ ಅಲ್ಲ. ಅವನ ಮಾತನ್ನು ವಕೀಲರು ಅನುವಾದಿಸಬಲ್ಲರು. ಅವನ ಪಾಲಿಗೆ ಮನೆದೇವರಾಗಿರುವ ಹೊಲದ ಕಲ್ಲು ಭೂಸ್ವಾಧೀನದ ಪರಿಹಾರದ ಪಟ್ಟಿಯಲ್ಲಿ ಯಾವ ಕಾಲಮ್ಮಿಗೂ ಹೊಂದದೆ ಹೋದಾಗ ಮಾತ್ರ ಲಿಯೋತಾರ್‌ನ ಪದ ಬೇಕಾಗುತ್ತದೆ.

ಮಕ್ಕಳ ಆಟದಲ್ಲಿ ತೀರಾ ಚಿಕ್ಕವನನ್ನು ಸೇರಿಸಿಕೊಂಡು ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಅನ್ನುತ್ತೇವಲ್ಲ, ಅರ್ಥದಲ್ಲಿ ಇದಕ್ಕಿಂತ ಹತ್ತಿರದ್ದು ಸಿಗಲಾರದು. ಆದರೆ ಒಂದು ಇಡೀ ಗಾದೆಯನ್ನು ಪಾರಿಭಾಷಿಕ ಪದ ಮಾಡುವುದು ಹೇಗೆ? ‘ಲೆಕ್ಕಕ್ಕಿಲ್ಲದ ವ್ಯಾಜ್ಯ’ ಅಂದರೆ ‘ಅಸಂಖ್ಯ ವ್ಯಾಜ್ಯ’ ಅಂತ ಓದುತ್ತಾರೆ. ಹಳೆ ಮೈಸೂರಿನ ಹಳ್ಳಿಗಳಲ್ಲಿ ಜಗಳಕ್ಕೂ ‘ನ್ಯಾಯ’ ಅನ್ನುವುದುಂಟು, ‘ಯಾಕ್ರಪ್ಪಾ ನ್ಯಾಯ ಆಡ್ತೀರಾ’ ಅಂತ ಕೇಳಿದ್ದೇನೆ. ತಂಟೆ ಮತ್ತು ತೀರ್ಪು ಎರಡನ್ನೂ ಹೊತ್ತ ಆ ಪದದಿಂದ ಏನಾದರೂ ಕಟ್ಟಬಹುದೇ? ಧಾರವಾಡ, ಕಲಬುರಗಿ ಕಡೆಯವರು ‘ನ್ಯಾಯ’ವನ್ನು ಈ ಅರ್ಥದಲ್ಲಿ ಬಳಸುತ್ತಾರೆಯೇ, ಬಳಸಿದರೆ ಅದಕ್ಕೆ ಸೇರುವ ಕ್ರಿಯಾಪದ ಅಲ್ಲಿ ಯಾವುದು, ‘ಆಡು’ವೇ ಅಥವಾ ‘ಮಾಡು’ವೇ? ಬಳಕೆಯ ವಾಕ್ಯಗಳ ಸಮೇತ ತಿಳಿಸಿದರೆ ಅನುಕೂಲ.