ಮೂಲೇಲಿ ಬಿದ್ದಿರೋ ಹಳೇ ರೌಟರ್‌ನಲ್ಲಿ ಹಿಂದಿನ ಕೋಣೆಗೆ ವೈಫೈ ಬರುತ್ತಾ? ಮಾಡಿದವರು ಹೇಳಿ

ಮೂಡಿಗೆರೆ ಹಂಚಿನಮನೆ: ಮಣ್ಣಿನ ಗೋಡೆ, ಒಂದೂವರೆ ಅಡಿ ದಪ್ಪ. ಫೈಬರ್ ಮೋಡೆಮ್ ಜಗಲೀಲಿದೆ, 100 ಎಂಬಿಪಿಎಸ್ ಪ್ಲಾನ್. ಅಡುಗೆಮನೆ ದಾಟಿದ್ರೆ ಸಿಗ್ನಲ್ ಇಲ್ಲ. ಕಣದ ಪಕ್ಕದ ಗೋಡೌನ್ 40 ಮೀಟರ್ ದೂರ, ಅಲ್ಲಿಗೂ ಬೇಕು. ಟಿಪಿ-ಲಿಂಕ್ 841 ಅನ್ನೋ ಹಳೇ ರೌಟರ್ ಒಂದು ಸುಮ್ನೆ ಬಿದ್ದಿದೆ. ಹೊಸದು ತಗೊಳ್ದೆ ಇದರಲ್ಲೇ ಆಗುತ್ತಾ?

ಹಾಸನ ವೈರ್‌ಮ್ಯಾನ್: ಆಗುತ್ತೆ. ಕೇಬಲ್ ಎಳೀರಿ, ಉಳಿದದ್ದೆಲ್ಲ ತಲೆನೋವು. ಮೊದಲು ಹಳೇ ರೌಟರನ್ನ ಒಂದಕ್ಕೂ ಜೋಡಿಸದೆ ರೀಸೆಟ್ ಮಾಡಿ ಲ್ಯಾಪ್‌ಟಾಪ್‌ಗೆ ಹಾಕಿ. ಮೋಡೆಮ್ 192.168.1.1 ಆಗಿದ್ರೆ ಇದರ ಲ್ಯಾನ್ ಐಪಿ (ಮನೆಯೊಳಗಿನ ನೆಟ್‌ವರ್ಕ್ ವಿಳಾಸ) 192.168.1.2 ಮಾಡಿ. ಮೋಡೆಮ್‌ನ ಡಿಎಚ್‌ಸಿಪಿ (ಮೊಬೈಲ್, ಲ್ಯಾಪ್‌ಟಾಪ್‌ಗೆ ತಾನೇ ವಿಳಾಸ ಹಂಚೋದು) ಪೂಲ್ 2ರಿಂದಲೇ ಶುರುವಾಗೋದಾದ್ರೆ ಅದನ್ನ 10ರಿಂದ ಅಂತ ತಿದ್ದಿ, ಇಲ್ಲಾಂದ್ರೆ ಒಂದಿನ ಯಾವುದೋ ಮೊಬೈಲ್‌ಗೆ ಅದೇ ವಿಳಾಸ ಹೋಗಿ ಎರಡೂ ಗುದ್ದಾಡ್ತವೆ. ಹಳೇದ್ರಲ್ಲಿ ಡಿಎಚ್‌ಸಿಪಿ ಪೂರ್ತಿ ಆಫ್. ವೈಫೈ ಹೆಸರು, ಪಾಸ್‌ವರ್ಡ್, ಡಬ್ಲ್ಯುಪಿಎ2 ಎಇಎಸ್ ಅನ್ನೋ ಭದ್ರತೆ ಸೆಟ್ಟಿಂಗ್ ಎಲ್ಲ ಮೋಡೆಮ್‌ದೇ ಇಡಿ, ಚಾನೆಲ್ ಮಾತ್ರ ಬೇರೆ: ಅದು 1ರಲ್ಲಿದ್ರೆ ಇದು 6 ಅಥವಾ 11. ಚಾನೆಲ್ ಅಗಲ 20 ಮೆಗಾಹರ್ಟ್ಸ್, 40 ಬೇಡ. ಕೇಬಲ್ ಮೋಡೆಮ್‌ನ ಲ್ಯಾನ್‌ನಿಂದ ಇದರ ಲ್ಯಾನ್‌ಗೆ. ನೀಲಿ ವ್ಯಾನ್ ಪೋರ್ಟ್ (ಹೊರಗಿನ ಇಂಟರ್‌ನೆಟ್ ಬರೋ ತೂತು) ಮುಟ್ಟಬೇಡಿ.

ನಮ್ಮ ಕಡೆ ಆದ ಲೆಕ್ಕ ಬರೀತೀನಿ. ಹೊರಗೆ ಹಾಕೋ ಕ್ಯಾಟ್6 ನೆಟ್‌ವರ್ಕ್ ಕೇಬಲ್ 45 ಮೀಟರ್, 28ರಂತೆ 1260. 20 ಎಂಎಂ ಕಂಡ್ಯೂಟ್ ಪೈಪ್ 15 ಲೆಂತ್, 65ರಂತೆ 975. ಕೇಬಲ್ ತುದಿಗೆ ಹಾಕೋ ಆರ್‌ಜೆ45 ಪ್ಲಗ್ ಹತ್ತು, 80. ಕ್ಲಿಪ್ಪು, ಮೊಳೆ 60. ಕೂಲಿ 700. ಒಟ್ಟು 3075. ಪ್ಲಗ್‌ನಲ್ಲಿ ಎಳೆಗಳ ಬಣ್ಣ ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು: ಎರಡು ಕಡೆಗೂ ಇದೇ ವರಸೆ. ಅಂಗಡೀಲಿ ತಗೊಳ್ಳುವಾಗ ಒಂದು ಎಳೆ ಬ್ಲೇಡಲ್ಲಿ ಕೆರೆದು ನೋಡಿ. ಒಳಗೆ ಬೆಳ್ಳಗಿದ್ರೆ ತಾಮ್ರ ಬಳಿದ ಅಲ್ಯೂಮಿನಿಯಂ, ವಾಪಸ್ ಕೊಡಿ. ಪ್ಲಗ್ ಒತ್ತಿ ಕ್ರಿಂಪ್ ಮಾಡಿದ ಜಾಗದಲ್ಲೇ ಮುರಿಯುತ್ತೆ.

ಸಕಲೇಶಪುರ ಘಾಟಿ: ಬಿಟ್ಟಿ ರೌಟರ್ ಉಪಯೋಗಿಸೋಕೆ 3075 ರೂಪಾಯಾ! ಮೂರರ ಮೆಶ್ ಸೆಟ್ (ಮನೆಯಿಡೀ ಒಂದೇ ವೈಫೈ ಹಂಚೋ ಡಬ್ಬಿಗಳು) 7600ಕ್ಕೆ ಬಂದಿದೆ ನಮ್ಮಲ್ಲಿ. ಆ್ಯಪ್‌ನಲ್ಲಿ ಕ್ಯೂಆರ್ ತೋರಿಸಿದ್ರೆ ಮುಗೀತು. ಮೊಬೈಲ್ ಹಿಡ್ಕೊಂಡು ಕೋಣೆಯಿಂದ ಕೋಣೆಗೆ ಓಡಾಡಿದ್ರೂ ವಾಟ್ಸಾಪ್ ಕಾಲ್ ಕಟ್ಟಾಗಲ್ಲ. ಹಳೇ ರೌಟರ್‌ನಲ್ಲಿ ಅದಾಗುತ್ತಾ ಹೇಳಿ? ಮೊಬೈಲ್ ಜಗಲಿ ಸಿಗ್ನಲ್‌ನೇ ಒಂದು ಕಡ್ಡಿ ಉಳಿಯೋವರೆಗೂ ಕಚ್ಚಿಕೊಂಡಿರುತ್ತೆ.

ಹಾಸನ ವೈರ್‌ಮ್ಯಾನ್: ಯಾವ ರೌಟರ್‌ಗೆ ಅಂಟಿಕೊಳ್ಳಬೇಕು ಅಂತ ತೀರ್ಮಾನ ಮಾಡೋದು ಮೊಬೈಲು, ರೌಟರ್ ಅಲ್ಲ. ಮೆಶ್ ಮಾಡೋದು 802.11ಕೆ, 11ವಿ ಅನ್ನೋ ವೈಫೈ ನಿಯಮಗಳ ಮೂಲಕ ಸೂಚನೆ ಕೊಡೋದಷ್ಟೇ. ಮೋಡೆಮ್‌ನ ಟ್ರಾನ್ಸ್‌ಮಿಟ್ ಪವರ್ ಒಂದು ಮೆಟ್ಟಿಲು ಇಳಿಸಿ, ಎರಡರ ವ್ಯಾಪ್ತಿ ಸೇರೋ ಜಾಗದಲ್ಲಿ ಮೈನಸ್ 67 ಡಿಬಿಎಂ (ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರ ಆದಷ್ಟೂ ಜೋರು) ಹತ್ತಿರ ಬರೋ ಹಾಗೆ ನೋಡ್ಕೊಳ್ಳಿ. ಹಳೇದೂ ಸರಿಯಾಗೇ ಬದಲಾಗುತ್ತೆ. ಇನ್ನು ನಿಮ್ಮ ಮೂರು ಡಬ್ಬಿ ಮಧ್ಯೆ ಮಣ್ಣಿನ ಗೋಡೆ ಬಂದ್ರೆ ಅವು ಮಾತಾಡೋದೂ ಗಾಳಿಯಲ್ಲೇ ತಾನೇ? ಜೂನ್‌ನಿಂದ ಆಗಸ್ಟ್‌ವರೆಗೆ ಗೋಡೆ ನೀರು ಕುಡಿದಿರುತ್ತೆ. ನೀರು ಕುಡಿದ ಗೋಡೆ 5 ಗಿಗಾಹರ್ಟ್ಸನ್ನ ನುಂಗಿ ಹಾಕುತ್ತೆ. ಬೇಸಿಗೇಲಿ ಅಳತೆ ಮಾಡಿ ಮೆಶ್ ಹೊಗಳಬೇಡಿ.

ಸಕಲೇಶಪುರ ಘಾಟಿ: ನಮ್ದು ಸಿಮೆಂಟ್ ಇಟ್ಟಿಗೆ ಮನೆ ಸ್ವಾಮಿ. ಮಳೆಗಾಲದಲ್ಲೂ ಓಡ್ತಿದೆ.

ಕೊಪ್ಪ ಗುಡುಗು: ಇವರು ಕೇಳಿರೋದು ಗೋಡೌನ್‌ಗೂ ಬೇಕು ಅಂತ. ವೈರ್‌ಮ್ಯಾನ್ ಸಾಹೇಬ್ರೇ, ಮಲೆನಾಡಲ್ಲಿ ಎರಡು ಕಟ್ಟಡದ ಮಧ್ಯೆ ತಾಮ್ರ ಎಳೀರಿ ಅಂತ ಹೆಂಗೆ ಹೇಳ್ತೀರಿ? ಏಪ್ರಿಲ್-ಮೇ ಗುಡುಗು ಮಳೆ ಶುರುವಾಗ್ಲಿ, ಆಮೇಲೆ ನೋಡಿ. ಸಿಡಿಲು ಮನೆಗೇ ಬಡೀಬೇಕಾಗಿಲ್ಲ. ಹತ್ತಿರದಲ್ಲೆಲ್ಲೋ ಬಿದ್ರೂ ಎರಡು ಅರ್ಥಿಂಗ್ ಮಧ್ಯೆ ವೋಲ್ಟೇಜ್ ವ್ಯತ್ಯಾಸ ಎದ್ದು, ಆ 40 ಮೀಟರ್ ತಂತಿ ಮೂಲಕ ಹರಿದು ಎರಡು ಕಡೆಯ ಪೋರ್ಟೂ ಸುಟ್ಟು ಹಾಕುತ್ತೆ. ಮನೆಗೆ ಬಂದ ಫೈಬರ್‌ಗೆ ಏನೂ ಆಗಿರಲ್ಲ, ಮೋಡೆಮ್‌ನ ಲ್ಯಾನ್ ಪೋರ್ಟ್ ಸತ್ತಿರುತ್ತೆ. ಕಂಪನಿಯವರು ಮೋಡೆಮ್ ದುಡ್ಡು ನಿಮ್ಮ ಹತ್ರನೇ ಕೇಳ್ತಾರೆ.

ಎರಡು ಕಟ್ಟಡ ಅಂದ್ರೆ ಫೈಬರ್ರೇ. ನಮ್ಮಲ್ಲಿ ಹಾಕಿದ್ದು ಸಿಂಗಲ್ ಕೋರ್ ಡ್ರಾಪ್ ಕೇಬಲ್ (ಒಂದೇ ಎಳೆಯ ಫೈಬರ್) 120 ಮೀಟರ್, 9ರಂತೆ 1080. ಫೈಬರನ್ನ ಲ್ಯಾನ್ ಕೇಬಲ್‌ಗೆ ಬದಲಿಸೋ ಮೀಡಿಯಾ ಕನ್ವರ್ಟರ್ ಜೋಡಿ 1500. ಎರಡು ತುದಿಗೆ ಸ್ಪ್ಲೈಸ್ (ಫೈಬರ್ ಬೆಸುಗೆ) ಮಾಡಿಸಿದ್ದು 250ರಂತೆ 500. ಒಟ್ಟು 3080, ನಿಮಗಿಂತ ಐದು ರೂಪಾಯಿ ಜಾಸ್ತಿ! ಕನ್ವರ್ಟರ್‌ನಲ್ಲಿ ಎ ಒಂದು, ಬಿ ಒಂದು ಇರಬೇಕು. ಒಂದು 1310 ನ್ಯಾನೋಮೀಟರ್ ಬೆಳಕಲ್ಲಿ ಕಳಿಸಿ 1550ರಲ್ಲಿ ಕೇಳುತ್ತೆ, ಇನ್ನೊಂದು ಉಲ್ಟಾ. ಎರಡೂ ಎ ಬಂದ್ರೆ ಲಿಂಕ್ ಲೈಟ್ ಜನ್ಮದಲ್ಲಿ ಹತ್ತಲ್ಲ. ಇನ್ನೊಂದು ಮುಖ್ಯ: ಮನೆಗೆ ಫೈಬರ್ ಹಾಕೋ ಹುಡುಗರ ಹತ್ರ ಇರೋದು ಹಸಿರು ಕನೆಕ್ಟರ್, ಅದರ ತುದಿ ಓರೆ. ಕನ್ವರ್ಟರ್‌ಗೆ ಸಾಮಾನ್ಯವಾಗಿ ಬೇಕಾಗೋದು ನೀಲಿ. ಹಸಿರನ್ನ ನೀಲಿ ತೂತಿಗೆ ತುರುಕಿದ್ರೆ ಕೂರುತ್ತೆ, ಆದ್ರೆ ಬೆಳಕು ಅರ್ಧಂಬರ್ಧ ಹೋಗಿ ಲಿಂಕ್ ಬಂದು ಹೋಗಿ ಮಾಡುತ್ತೆ. ಡ್ರಾಪ್ ಕೇಬಲ್ ಜೊತೆ ಬರೋ ಉಕ್ಕಿನ ತಂತಿಯನ್ನ ಗೋಡೆ ಹೊರಗೇ ಕೊಕ್ಕೆಗೆ ಕಟ್ಟಿ ಕತ್ತರಿಸಿ. ಅದನ್ನ ಒಳಗೆ ತಂದ್ರೆ ಸಿಡಿಲಿನ ಕರೆಂಟ್ ಅದರಲ್ಲೇ ಬಂದು ಫೈಬರ್ ಹಾಕಿದ್ದೂ ದಂಡ.

ಹಾಸನ ವೈರ್‌ಮ್ಯಾನ್: ನಿಮ್ಮ 3080ರಲ್ಲಿ ಪೈಪೂ ಇಲ್ಲ, ಕೂಲೀನೂ ಇಲ್ಲ. ಅದು ಸೇರಿಸಿ ಆಮೇಲೆ ಐದು ರೂಪಾಯಿ ಮಾತಾಡಿ.

ಕೊಪ್ಪ ಗುಡುಗು: ಕಂಬಕ್ಕೆ ಕಟ್ಟಿದ್ದಕ್ಕೆ ಪೈಪ್ ಯಾಕೆ ಬೇಕು ಮಾರಾಯ್ರೇ?

ಹಾಸನ ವೈರ್‌ಮ್ಯಾನ್: ಮಂಗ ಜೋತಾಡೋಕೆ.

ಆಲೂರು ಡಬ್ಲ್ಯುಡಿಎಸ್: ತಂತಿ ಎಳೆಯದೇನೂ ಆಗುತ್ತೆ, ಯಾರೂ ಹೇಳ್ತಿಲ್ಲ. 841ರಲ್ಲಿ ವೈರ್‌ಲೆಸ್ ಸೆಟ್ಟಿಂಗ್ಸ್‌ನಲ್ಲಿ ಡಬ್ಲ್ಯುಡಿಎಸ್ ಬ್ರಿಡ್ಜಿಂಗ್ (ಎರಡು ರೌಟರನ್ನ ವೈಫೈಯಲ್ಲೇ ಜೋಡಿಸೋದು) ಟಿಕ್ ಮಾಡಿ, ಸರ್ವೆ ಒತ್ತಿ, ಮೋಡೆಮ್ ಹೆಸರು ಆರಿಸಿ, ಪಾಸ್‌ವರ್ಡ್ ಹಾಕಿ. ಮೋಡೆಮ್‌ನ ಚಾನೆಲ್ ಮಾತ್ರ ಆಟೋ ಬಿಡಬೇಡಿ, 6 ಅಂತ ಕಟ್ಟಿ ಹಾಕಿ. ಕರೆಂಟ್ ಹೋಗಿ ಬಂದಾಗ ಅದು 11ಕ್ಕೆ ಹಾರಿದ್ರೆ ಬ್ರಿಡ್ಜ್ ಬಿತ್ತು. ಇಲ್ಲೂ ಡಿಎಚ್‌ಸಿಪಿ ಆಫ್, ಐಪಿ 2. ವೇಗ ಅರ್ಧ, ಹೌದು: ಒಂದೇ ರೇಡಿಯೊ ಕೇಳಿಸ್ಕೊಂಡು ಅದನ್ನೇ ಮತ್ತೆ ಹೇಳಬೇಕು. 18-20 ಎಂಬಿಪಿಎಸ್ ಬರುತ್ತೆ, ಗೋಡೌನ್ ಕ್ಯಾಮೆರಾಗೆ ಧಾರಾಳ ಆಯ್ತು. ಖರ್ಚು ಸೊನ್ನೆ. ಮೂರು ಸಾವಿರ, ಏಳು ಸಾವಿರ ಅಂತ ಬರೆಯೋರಿಗೆ ದುಡ್ಡು ಜಾಸ್ತಿ ಆಗಿದೆ.

ಕಡೂರು ಟರ್ಮಿನಲ್: ಡಬ್ಲ್ಯುಡಿಎಸ್‌ಗೆ ಸರಿಯಾದ ಮಾನದಂಡನೇ ಇಲ್ಲ, ಬೇರೆ ಬೇರೆ ಕಂಪನಿ ಚಿಪ್ ಸೇರಿದ್ರೆ ಅದೃಷ್ಟ. ಸ್ಟೇಟಸ್‌ನಲ್ಲಿ 'ರನ್' ಅಂತ ತೋರಿಸಿ ಒಂದು ಪ್ಯಾಕೆಟ್ಟೂ ದಾಟದೇ ಇರೋದುಂಟು. ಆ ರೌಟರನ್ನ ಎಲ್ಲಿಡ್ತಾರೆ ಅನ್ನೋದೂ ನೋಡಿ: ಸಿಗ್ನಲ್ ಇಲ್ಲದ ಕೋಣೇಲಿ ಇಟ್ಟು ಬರ್ತಿಲ್ಲ ಅಂತಾರೆ. ಇಲ್ಲದ್ದನ್ನ ಅದು ಎಲ್ಲಿಂದ ಹಂಚುತ್ತೆ? ಅರ್ಧ ದಾರೀಲಿ, ಮೋಡೆಮ್ ಸಿಗ್ನಲ್ ಮೈನಸ್ 65 ಸಿಗೋ ಕಡೆ ಇಡಬೇಕು. ಓಪನ್‌ಡಬ್ಲ್ಯುಆರ್‌ಟಿ (ರೌಟರ್‌ಗೆ ಹಾಕೋ ಬಿಟ್ಟಿ ಸಾಫ್ಟ್‌ವೇರ್) ಹಾಕೋಣ ಅಂದ್ರೆ 841ರ ವರ್ಷನ್ 9ರಂಥದ್ದಕ್ಕೆ 4 ಎಂಬಿ ಫ್ಲಾಶ್, 32 ಎಂಬಿ ರ‍್ಯಾಮ್. ಆ ಸಾಫ್ಟ್‌ವೇರ್‌ನ 19.07 ಆವೃತ್ತಿಗೇ ಅದರ ಕಥೆ ಮುಗೀತು, 21.02ರಿಂದ 8 ಎಂಬಿ ಫ್ಲಾಶ್, 64 ಎಂಬಿ ರ‍್ಯಾಮ್ ಬೇಕು.

ಮೂಡಿಗೆರೆ ಹಂಚಿನಮನೆ: ಎಲ್ರಿಗೂ ಥ್ಯಾಂಕ್ಸ್. ನಮ್ದು ವರ್ಷನ್ 14 ಅಂತ ಕೆಳಗಿನ ಸ್ಟಿಕರ್‌ನಲ್ಲಿದೆ. ಅಡುಗೆಮನೆವರೆಗೆ ಕೇಬಲ್, ಅಲ್ಲಿಂದ ಗೋಡೌನ್‌ಗೆ ಗಾಳಿಯಲ್ಲಿ ಕಳಿಸಬಹುದಾ?

ಬಾಳೆಹೊನ್ನೂರು ಸಿಲ್ವರ್‌ಓಕ್: ಗಾಳಿಯಲ್ಲಿ ಅಂದ್ರೆ ಹೊರಗೆ ಹಾಕೋ ಡೈರೆಕ್ಷನಲ್ ಸಿಪಿಇ (ಒಂದೇ ದಿಕ್ಕಿಗೆ ಸಿಗ್ನಲ್ ಕಳಿಸೋ ಆಂಟೆನಾ ಡಬ್ಬಿ) ಜೋಡಿ. ನಮ್ಮಲ್ಲಿ ತೋಟದ ಆಚೆ ಲೈನ್‌ಮನೆಗೆ (ಕೂಲಿಯವರ ಸಾಲುಮನೆ) 300 ಮೀಟರ್. ಡಿಸೆಂಬರ್‌ನಲ್ಲಿ ಮೈನಸ್ 58, ಜುಲೈನಲ್ಲಿ ಮೈನಸ್ 79. ಮರ ನಡುವೆ ಬರ್ತಿದೆ, ಎಲೆ ಒದ್ದೆ, ಅಷ್ಟೇ ಕಾರಣ. ಕಣ್ಣಿಗೆ ಆಚೆ ಕಡೆ ಕಂಡ್ರೆ ಸಾಲದು. 300 ಮೀಟರ್‌ಗೆ 5.8 ಗಿಗಾಹರ್ಟ್ಸ್‌ನಲ್ಲಿ ದಾರಿ ಮಧ್ಯದಲ್ಲಿ ಆ ನೇರ ಗೆರೆಯ ಸುತ್ತ ಸುಮಾರು 2 ಮೀಟರ್ ಜಾಗ, 2.4ರಲ್ಲಾದ್ರೆ 3 ಮೀಟರ್, ಅದರಲ್ಲಿ ನೂರಕ್ಕೆ 60 ಪಾಲಾದ್ರೂ ಖಾಲಿ ಇರಬೇಕು. ಪ್ರತಿವರ್ಷ ನೆರಳು ಕಸಿ (ನೆರಳಿನ ಮರದ ಕೊಂಬೆ ಸವರೋದು) ಮಾಡುವಾಗ ಆ ಸಾಲನ್ನೂ ಸವರಿಸೋ ಖರ್ಚು ಯಾರೂ ಲೆಕ್ಕಕ್ಕೆ ಹಿಡಿಯಲ್ಲ, ಆಳಿಗೆ ದಿನದ ಕೂಲಿ, ಮೇಲೆ ಹತ್ತೋನಿಗೆ ಬೇರೆ ರೇಟು. ಪಿಒಇ (ನೆಟ್ ಕೇಬಲ್‌ನಲ್ಲೇ ಕರೆಂಟ್ ಕಳಿಸೋ) ಅಡಾಪ್ಟರ್ 24 ವೋಲ್ಟ್ ಪ್ಯಾಸಿವ್, ಅಂದ್ರೆ ಆಚೆ ಏನಿದೆ ಅಂತ ನೋಡದೇ ಕರೆಂಟ್ ಬಿಡುತ್ತೆ, ಅದರ ಪಿಒಇ ತೂತಿನ ಕೇಬಲ್ ತಪ್ಪಿ ಮೋಡೆಮ್‌ಗೆ ಹೋಗದ ಹಾಗೆ ಟೇಪ್ ಅಂಟಿಸಿ ಬರೆದಿಡಿ.

ಆಲೂರು ಡಬ್ಲ್ಯುಡಿಎಸ್: ಅವರದ್ದು 40 ಮೀಟರ್ ಸ್ವಾಮಿ, 300 ಅಲ್ಲ. ನಲವತ್ತಕ್ಕೆ ಮರ ಕಡಿಸ್ತೀರಾ?

ಬಾಳೆಹೊನ್ನೂರು ಸಿಲ್ವರ್‌ಓಕ್: ಯಾರು ಕಡಿಸಿ ಅಂದ್ರು? ಕಸಿ ಅಂದಿದ್ದು. ತೋಟ ಇಲ್ಲದೋರಿಗೆ ವ್ಯತ್ಯಾಸ ಗೊತ್ತಾಗಲ್ಲ ಬಿಡಿ.

ಕಡೂರು ಟರ್ಮಿನಲ್: ವರ್ಷನ್ 14ರಲ್ಲಿ ಆಪರೇಷನ್ ಮೋಡ್‌ನಲ್ಲೇ ಆ್ಯಕ್ಸೆಸ್ ಪಾಯಿಂಟ್ (ಕೇಬಲ್‌ನಲ್ಲಿ ಬಂದ ನೆಟ್ಟನ್ನ ವೈಫೈ ಮಾಡಿ ಹಂಚೋದಷ್ಟೇ) ಅಂತ ಇದೆ. ಅದನ್ನ ಆರಿಸಿದ್ರೆ ಡಿಎಚ್‌ಸಿಪಿ ಗೋಳು ಅದೇ ನೋಡ್ಕೊಳ್ಳುತ್ತೆ, ವ್ಯಾನ್ ಪೋರ್ಟಿಗೂ ಹಾಕಬಹುದು. ವೈರ್‌ಮ್ಯಾನ್ ಹೇಳಿದ್ದು ಹಳೇ ವರ್ಷನ್‌ಗೆ.

ಹಾಸನ ವೈರ್‌ಮ್ಯಾನ್: ಹೊಸದಕ್ಕೂ ಅದೇ ಕೆಲಸ ಮಾಡುತ್ತೆ, ಕೈಯಾರೆ ಮಾಡಿದ್ರೆ ಎಲ್ಲಿ ಏನಿದೆ ಅಂತ ಗೊತ್ತಿರುತ್ತೆ. ಒಂದೇ ಎಚ್ಚರ: ವೇಗ ಜಾಸ್ತಿ ಬರ್ಲಿ ಅಂತ ಎರಡು ರೌಟರ್ ಮಧ್ಯೆ ಎರಡು ಕೇಬಲ್ ಹಾಕಬೇಡಿ. ಲೂಪ್ ಆಗಿ ಎಲ್ಲಾ ಲೈಟೂ ಒಟ್ಟಿಗೆ ಮಿನುಗ್ತವೆ, ಮನೆಯ ನೆಟ್ ಪೂರ್ತಿ ನಿಲ್ಲುತ್ತೆ. 841ರ ಪೋರ್ಟ್ 100ರದ್ದು, 94ರ ಮೇಲೆ ಹೋಗಲ್ಲ.

ಸಕಲೇಶಪುರ ಘಾಟಿ: ಮೆಶ್‌ನಲ್ಲಿ ಗಿಗಾಬಿಟ್ ಪೋರ್ಟ್ ಬರುತ್ತೆ.

ಹಾಸನ ವೈರ್‌ಮ್ಯಾನ್: 100ರ ಪ್ಲಾನ್‌ಗೆ ಗಿಗಾಬಿಟ್ ಇಟ್ಕೊಂಡು ಪೂಜೆ ಮಾಡ್ತೀರಾ?

ಕೊಪ್ಪ ಗುಡುಗು: ಕರೆಂಟ್ ಬಗ್ಗೆ ಯಾರೂ ಬರೀಲಿಲ್ಲ. ಮೋಡೆಮ್‌ಗೆ ಯುಪಿಎಸ್ ಇಟ್ಟು ಎರಡನೇದಕ್ಕೆ ಇಡದಿದ್ರೆ ಹಿಂದಿನ ಕೋಣೇಲಿ ಏನು ಪ್ರಯೋಜನ? 841ಕ್ಕೆ ಬರೋದು 9 ವೋಲ್ಟ್ ಅಡಾಪ್ಟರ್, ಅಂಗಡೀಲಿ ಸಿಗೋ ಮಿನಿ ಯುಪಿಎಸ್ ಹೆಚ್ಚಿನವು 12 ವೋಲ್ಟ್. ಸೂಜಿ ತೂರುತ್ತೆ ಅಂತ ಚುಚ್ಚಬೇಡಿ. 9, 12 ಎರಡೂ ಇರೋದು ತಗೊಳ್ಳಿ.

ಸಕಲೇಶಪುರ ಘಾಟಿ: 12 ಕೊಟ್ರೂ ಓಡುತ್ತೆ, ಒಳಗೆ ರೆಗ್ಯುಲೇಟರ್ ಇರುತ್ತೆ.

ಕೊಪ್ಪ ಗುಡುಗು: ಆ ರೆಗ್ಯುಲೇಟರ್ ಹಿಂದಿನ ಕೆಪಾಸಿಟರ್ ಎಷ್ಟು ವೋಲ್ಟಿಂದು ಅಂತ ಬಿಚ್ಚಿ ನೋಡಿದ್ದೀರಾ? 10 ವೋಲ್ಟಿಂದಾದ್ರೆ 12ಕ್ಕೆ ಉಬ್ಬಿ ಕೂರುತ್ತೆ. ಸುಮ್ನೆ ಯಾರದ್ದೋ ರೌಟರ್ ಸುಡಿಸಬೇಡಿ.

ಸಕಲೇಶಪುರ ಘಾಟಿ: ಬಿಟ್ಟಿ ರೌಟರ್ ತಾನೇ, ಸುಟ್ರೆ ಮೆಶ್ ತಗೊಳ್ಲಿ.