ಸಹಾಯ ಬೇಕು: ಚಿಕ್ಕಪ್ಪನ ಚುನಾವಣಾ ವೆಚ್ಚದ ಲೆಕ್ಕ

ಹಿರಿಯರಿಗೆ ನಮಸ್ಕಾರ. ನಮ್ಮ ಚಿಕ್ಕಪ್ಪ ಮುಂದಿನ ವಿಧಾನಸಭಾ ಚುನಾವಣೆಗೆ ಕೊಡಗಿನ ವಿರಾಜಪೇಟೆ ಕ್ಷೇತ್ರದಿಂದ ಪಕ್ಷೇತರರಾಗಿ ನಿಲ್ಲಲು ನಿಶ್ಚಯಿಸಿದ್ದಾರೆ. ಇದೇ ಮೊದಲ ಸಲ. ದೇವರಕಾಡು (ದೇವರ ಹೆಸರಲ್ಲಿ ಕಾಪಾಡಿದ ಕಾಡು) ಉಳಿಯಬೇಕು, ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನಿನ ಹಕ್ಕು ಕೈತಪ್ಪಬಾರದು, ಸರ್ಕಾರ ಸಾಲ ಮಾಡಿ ಹಂಚಬಾರದು ಎನ್ನುವ ಹಳೆಯ ಕಾಲದ ಮನುಷ್ಯ. ಅವರು ಗೆಲ್ಲಬೇಕೆಂಬುದು ನನ್ನ ಮನಸ್ಸಿನ ಆಸೆ.

10,000 ರೂಪಾಯಿ ಠೇವಣಿ ಸಿದ್ಧವಿದೆ. ಕ್ಷೇತ್ರದ ಹತ್ತು ಮತದಾರರು ಸೂಚಕರಾಗಿ ಸಹಿ ಹಾಕಬೇಕು. ಅದಕ್ಕೆ ನಮ್ಮ ಒಕ್ಕದವರೇ (ಒಂದೇ ಮನೆತನದವರೇ) ಸಾಕು. ನನ್ನನ್ನು ಕಾಡುತ್ತಿರುವುದು ಲೆಕ್ಕ. ಅಭ್ಯರ್ಥಿಯ ವೆಚ್ಚದ ಮಿತಿ 40 ಲಕ್ಷವಂತೆ, ನಾವು ಅದರ ಹತ್ತಿರವೂ ಹೋಗುವುದಿಲ್ಲ. ಆದರೆ ಗೋಣಿಕೊಪ್ಪದ ನೆಂಟರು ಜೀಪು ಕೊಡುತ್ತಾರೆ, ಕುಟ್ಟದ ಗೆಳೆಯರು ಊಟ ಹಾಕುತ್ತಾರೆ. ಹಣ ಕೊಡದಿದ್ದರೂ ಇವುಗಳ ಬೆಲೆಯನ್ನು ವೆಚ್ಚದ ಪುಸ್ತಕದಲ್ಲಿ ಬರೆಯಬೇಕಲ್ಲವೇ? ಬಾಡಿಗೆ ದರ ಯಾವುದನ್ನು ಹಿಡಿಯಬೇಕು? ಫಲಿತಾಂಶ ಬಂದ 30 ದಿನಗಳೊಳಗೆ ಲೆಕ್ಕ ಒಪ್ಪಿಸದಿದ್ದರೆ ಮೂರು ವರ್ಷ ಅನರ್ಹತೆ ಬರಬಹುದು. ಪ್ರಾಮಾಣಿಕ ಮನುಷ್ಯನಿಗೆ ನನ್ನ ಅಜ್ಞಾನದಿಂದ ಅಂಥ ಕಳಂಕ ಅಂಟಬಾರದು.

ಹಿಂದೆ ಯಾವ ಪಕ್ಷದ ಅಭ್ಯರ್ಥಿಗೇ ಆಗಲಿ ವೆಚ್ಚದ ಏಜೆಂಟರಾಗಿ ಕೆಲಸ ಮಾಡಿದವರು ಇದ್ದರೆ ದಯವಿಟ್ಟು ತಿಳಿಸಿ. ಪೊನ್ನಂಪೇಟೆಯ ಆಸುಪಾಸಿನವರಾದರೆ ನಾನೇ ಪುಸ್ತಕ ಹಿಡಿದು ಮನೆಗೆ ಬರುತ್ತೇನೆ.